ಹೆಲ್ಮೆಟ್ಟು ಮತ್ತು ಎಚ್ಚರ: ಒಂದು ಹಳೆಯ ಶಂಕೆಯ ಚರಿತ್ರೆ

2019ರ ಜನವರಿ 1ರಿಂದ ಪುಣೆಯ ಪೊಲೀಸರು ದ್ವಿಚಕ್ರ ಸವಾರರಿಗೆ ಹೆಲ್ಮೆಟ್ ನಿಯಮವನ್ನು ಕಟ್ಟುನಿಟ್ಟಾಗಿ ಅನ್ವಯಿಸತೊಡಗಿದಾಗ ಎದ್ದ ಪ್ರತಿಭಟನೆ ಅಲ್ಲಿ ನೆಲೆಸಿರುವ ನಮ್ಮ ಓದುಗರಿಗೆ ನೆನಪಿರಬಹುದು. ಕಾನೂನೇನೂ ಹೊಸದಲ್ಲ, 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಅದನ್ನು ಮೂರು ದಶಕಗಳ ಹಿಂದೆಯೇ ವಿಧಿಸಿತ್ತು. ಹೊಸದಾಗಿದ್ದದ್ದು ದಂಡದ ಚೀಟಿ ಮಾತ್ರ. 'ಹೆಲ್ಮೆಟ್ ಸಕ್ತಿ' ಎಂಬುದು ಆಗ ಊರೆಲ್ಲ ಓಡಾಡಿದ ಮರಾಠಿ ಮಾತು. ಸಕ್ತಿ ಎಂದರೆ ಬಲವಂತ. ಅದನ್ನು ವಿರೋಧಿಸಲು ಸಮಿತಿ ರಚಿತವಾಯಿತು, ಮೆರವಣಿಗೆ ನಡೆಯಿತು. ನಗರದೊಳಗಿನ ನಿಧಾನದ ಸಂಚಾರಕ್ಕೆ ಇಷ್ಟು ದೊಡ್ಡ ಕವಚವೇಕೆ, ಕುತ್ತಿಗೆ ನೋಯುತ್ತದೆ, ಹಿಂದಿನ ಹಾರ್ನ್ ಕೇಳಿಸುವುದಿಲ್ಲ ಎಂಬ ವಾದಗಳ ಜೊತೆಗೆ ಇನ್ನೊಂದು ಸೂಕ್ಷ್ಮವಾದ ವಾದವೂ ಇಂತಹ ಸಂದರ್ಭಗಳಲ್ಲೆಲ್ಲ ತಲೆಯೆತ್ತುತ್ತದೆ. ಈ ಬರಹ ಅದರ ಕುರಿತಾದದ್ದು.

ತಲೆ ಭದ್ರವಾಗಿದೆ ಎಂದು ತಿಳಿದ ಸವಾರ ಆಕ್ಸಿಲರೇಟರನ್ನು ಇನ್ನಷ್ಟು ತಿರುವುತ್ತಾನೆ. ಒಳ್ಳೆಯ ಬ್ರೇಕ್ ಇದೆ ಎಂದು ತಿಳಿದವನು ಮುಂದಿನ ಲಾರಿಗೆ ಇನ್ನಷ್ಟು ಹತ್ತಿರ ಸರಿಯುತ್ತಾನೆ. ಹೀಗೆ ಸಾಧನವು ಒಂದು ಕೈಯಿಂದ ಕೊಟ್ಟದ್ದನ್ನು ಮನುಷ್ಯಸ್ವಭಾವವು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ. ಕೊನೆಗೆ ಉಳಿಯುವ ಲಾಭ ಸೊನ್ನೆ. ವಾದದ ಸಾರ ಇಷ್ಟು. ಕೇಳಿದ ಕೂಡಲೇ ಹೌದೆನಿಸುವ ಗುಣ ಇದಕ್ಕಿದೆ, ಏಕೆಂದರೆ ನಾವೆಲ್ಲರೂ ಅಂತಹ ಒಬ್ಬ ಸವಾರನನ್ನಾದರೂ ಕಂಡಿದ್ದೇವೆ. ನಕ್ಕು ತಳ್ಳಿಹಾಕುವಂತಹ ಮಾತೂ ಇದಲ್ಲ. ಇದಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ, ಮತ್ತು ಆ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ಇದು ಬಹುಮಟ್ಟಿಗೆ ನಿಜವೇ ಆಗಿತ್ತು.

ಆ ಅಧ್ಯಾಯ ನಡೆದದ್ದು ರಸ್ತೆಯ ಮೇಲಲ್ಲ, ನೆಲದ ಕೆಳಗೆ. 1812ರ ಮೇ 25ರಂದು ಇಂಗ್ಲೆಂಡಿನ ಫೆಲಿಂಗ್ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ ಅನಿಲ ಹೊತ್ತಿಕೊಂಡು 92 ಮಂದಿ ಸತ್ತರು. ಅವರಲ್ಲಿ ಹುಡುಗರೂ ಹಲವರು. ಗಣಿಯ ಕತ್ತಲೆಯಲ್ಲಿ ಬೆಳಕಿಗೆ ಬೇಕಾದ ತೆರೆದ ಜ್ವಾಲೆಯೇ ಅಲ್ಲಿ ಸೇರಿಕೊಳ್ಳುವ ಮೀಥೇನ್ ಅನಿಲಕ್ಕೆ ಕಿಡಿಯಾಗುತ್ತಿತ್ತು. ಈ ದುರಂತದ ನಂತರ ಎದ್ದ ಕಳವಳದ ಫಲವಾಗಿ ಹಂಫ್ರಿ ಡೇವಿ 1815ರಲ್ಲಿ ತನ್ನ ಸುರಕ್ಷಾ ದೀಪವನ್ನು ರೂಪಿಸಿದನು. ಉಪಾಯ ಸರಳವಾದದ್ದು: ಜ್ವಾಲೆಯ ಸುತ್ತ ಸೂಕ್ಷ್ಮ ಕಣ್ಣುಗಳ ಲೋಹದ ಜಾಲರಿ. ಜಾಲರಿ ಬಿಸಿಯನ್ನು ಹೀರಿಕೊಂಡು ಹರಡುವುದರಿಂದ ಒಳಗಿನ ಉರಿ ಹೊರಗಿನ ಅನಿಲಕ್ಕೆ ದಾಟುವುದಿಲ್ಲ. ವಿಜ್ಞಾನವು ಬಡವರ ಜೀವ ಉಳಿಸಿದ ಉದಾಹರಣೆಯೆಂದು ಈ ದೀಪವನ್ನು ಯೂರೋಪೆಲ್ಲ ಕೊಂಡಾಡಿತು.

ಎರಡು ದಶಕಗಳ ಅನಂತರ, 1835ರಲ್ಲಿ, ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಲೆಕ್ಕ ಹಾಕಿ ನೋಡಿತು. ಡರಮ್ ಮತ್ತು ನಾರ್ಥಂಬರ್ಲೆಂಡ್ ಪ್ರಾಂತಗಳಲ್ಲಿ ದೀಪ ಬರುವ ಮುಂಚಿನ 18 ವರ್ಷಗಳಲ್ಲಿ ಗಣಿ ಅಪಘಾತಗಳಿಂದ ಸತ್ತವರು 447. ದೀಪ ಬಂದ ಮೇಲಿನ 18 ವರ್ಷಗಳಲ್ಲಿ 538. ದೀಪ ಸುಳ್ಳಾಗಿರಲಿಲ್ಲ. ಆದರೆ ಅದು ಬಂದ ಮೇಲೆ, ಅನಿಲದ ಭಯದಿಂದ ಕೈಬಿಟ್ಟಿದ್ದ ಆಳದ ಪದರಗಳಿಗೆ ಮತ್ತೆ ಆಳುಗಳನ್ನು ಇಳಿಸಲಾಯಿತು. ಚಾವಣಿಯನ್ನು ಹೊತ್ತು ನಿಲ್ಲಲೆಂದು ಬಿಟ್ಟಿದ್ದ ಕಲ್ಲಿದ್ದಲ ಕಂಬಗಳನ್ನೂ ಕಡಿಯತೊಡಗಿದರು. ಗಾಳಿಯಾಡುವ ವ್ಯವಸ್ಥೆಗೆ ಹಣ ಹಾಕುವ ಅವಸರ ಕಡಿಮೆಯಾಯಿತು. ಅಗೆದ ಕಲ್ಲಿದ್ದಲಿನ ಪ್ರಮಾಣ ಹೆಚ್ಚಿತು, ಇಳಿದವರ ಸಂಖ್ಯೆಯೂ ಹೆಚ್ಚಿತು. ಆದ್ದರಿಂದ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ದೀಪವೇ ಕೊಂದಿತು ಎನ್ನುವುದು ಅನ್ಯಾಯ. ಆದರೂ ಒಂದು ಸಂಗತಿ ಇಲ್ಲಿ ಸ್ಪಷ್ಟವಾಗಿದೆ. ದೀಪ ಕೊಟ್ಟ ಸುರಕ್ಷತೆಯನ್ನು ಕಲ್ಲಿದ್ದಲನ್ನಾಗಿ ಪರಿವರ್ತಿಸಿಕೊಂಡವನು ದೀಪ ಹಿಡಿದವನಲ್ಲ. ಯಾವ ಪದರಕ್ಕೆ ಇಳಿಯಬೇಕೆಂಬುದನ್ನು ಗಣಿಗಾರ ನಿರ್ಧರಿಸುತ್ತಿರಲಿಲ್ಲ. ಗಣಿಯ ಒಡೆಯ ನಿರ್ಧರಿಸುತ್ತಿದ್ದ. ಉಪಕರಣದಿಂದ ಮೈಮರೆವು ಹುಟ್ಟಿತೆಂದು ಹೇಳುವಾಗ ಮರೆತದ್ದು ಯಾರ ಮೈ ಎಂಬ ಪ್ರಶ್ನೆಯನ್ನು ನಾವು ಇಲ್ಲಿಂದಲೇ ಕೈಯಲ್ಲಿಟ್ಟುಕೊಂಡು ಮುಂದೆ ಹೋಗಬೇಕು.

ಮೋಟಾರ್‌ಸೈಕಲ್ ಸವಾರನ ತಲೆಯ ಕಥೆ ಇದರ ನೂರು ವರ್ಷಗಳ ನಂತರ ಆರಂಭವಾಗುತ್ತದೆ. ಇಂಗ್ಲೆಂಡಿನ ಬ್ರುಕ್ಲ್ಯಾಂಡ್ಸ್ ಓಟದ ಪಥದಲ್ಲಿ ವೈದ್ಯನಾಗಿದ್ದ ಎರಿಕ್ ಗಾರ್ಡ್ನರ್ ಮತ್ತೆ ಮತ್ತೆ ತಲೆಗೆ ಪೆಟ್ಟಾದ ಸವಾರರನ್ನು ಕಂಡು, ಕ್ಯಾನ್ವಾಸ್ ಬಟ್ಟೆಗೆ ಅರಗು ಲೇಪಿಸಿ ಗಡುಸುಗೊಳಿಸಿದ ಟೋಪಿಯೊಂದನ್ನು ಮಾಡಿಸಿದನು. ಮೊದಲಿಗೆ ಒಪ್ಪದಿದ್ದ ಸ್ಪರ್ಧೆಯ ಆಡಳಿತ ಸಂಸ್ಥೆ 1914ರ ಐಲ್ ಆಫ್ ಮ್ಯಾನ್ ಪಂದ್ಯಕ್ಕೆ ಅದನ್ನು ಕಡ್ಡಾಯಗೊಳಿಸಿತು, ಸವಾರರು ಗೊಣಗಿದರು. ಪ್ರತಿವರ್ಷ ಪಂದ್ಯದ ನಂತರ ತಲೆಪೆಟ್ಟಿನ ಕೆಲವು 'ಕುತೂಹಲಕರ' ರೋಗಿಗಳು ಸಿಗುತ್ತಿದ್ದರು, ಈ ಬಾರಿ ಒಬ್ಬರೂ ಬರಲಿಲ್ಲ ಎಂದು ಆ ದ್ವೀಪದ ವೈದ್ಯಾಧಿಕಾರಿ ಬರೆದನೆಂದು ಹೇಳುವುದುಂಟು. ಅದೇ ವರ್ಷ ಮಹಾಯುದ್ಧ ಬಂದಿತು. ಹೆಲ್ಮೆಟ್ಟು ಓಟದ ಪಥದೊಳಗೇ ಉಳಿಯಿತು. ಸಾಮಾನ್ಯ ರಸ್ತೆಗೆ ಬರಲಿಲ್ಲ.

ಅದನ್ನು ರಸ್ತೆಗೆ ತಂದ ಘಟನೆ ಪ್ರಸಿದ್ಧವಾದದ್ದು. 1935ರ ಮೇ 13ರಂದು ಟಿ. ಇ. ಲಾರೆನ್ಸ್, ಅಂದರೆ 'ಅರೇಬಿಯಾದ ಲಾರೆನ್ಸ್', ಡಾರ್ಸೆಟ್ಟಿನ ತನ್ನ ಮನೆಯ ಹತ್ತಿರದ ರಸ್ತೆಯಲ್ಲಿ ಬ್ರಫ್ ಸುಪೀರಿಯರ್ ಮೋಟಾರ್‌ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಉರುಳಿಬಿದ್ದನು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು 19ರಂದು ತೀರಿಕೊಂಡನು. ಅವನನ್ನು ನೋಡಲು ಕರೆಸಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಆಸ್ಟ್ರೇಲಿಯಾ ಮೂಲದ ತರುಣ ನರಶಸ್ತ್ರವೈದ್ಯನೂ ಒಬ್ಬ. ಕೇರ್ನ್ಸ್ ಮಾಡುವಂಥದ್ದೇನೂ ಅಲ್ಲಿ ಉಳಿದಿರಲಿಲ್ಲ.

ಯುದ್ಧ ಮತ್ತೆ ಬಂದಾಗ ಕೇರ್ನ್ಸ್ ಸೈನ್ಯದ ನರಶಸ್ತ್ರಚಿಕಿತ್ಸೆಯ ಹೊಣೆ ಹೊತ್ತಿದ್ದನು. ಆಗ ಅವನ ಗಮನಕ್ಕೆ ಬಂದದ್ದು ಸಂದೇಶವಾಹಕ ಸವಾರರು: ವಿಮಾನದಾಳಿಯ ಭಯದಿಂದ ದೀಪಗಳನ್ನು ಆರಿಸಿದ ರಸ್ತೆಗಳಲ್ಲಿ ರಾತ್ರಿಯೆಲ್ಲ ಸುದ್ದಿ ಹೊತ್ತು ಓಡುತ್ತಿದ್ದ ಸೈನಿಕರು. ಅವನು 1941ರ ಅಕ್ಟೋಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮಂದಿ ಮೋಟಾರ್‌ಸೈಕಲ್ ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು. ಶತ್ರುವಿನ ಗುಂಡಿನಿಂದಲ್ಲ, ಸ್ವದೇಶದ ರಸ್ತೆಯಿಂದ. ಅದೂ ಪೆಟ್ರೋಲಿಗೆ ಪಡಿತರವಿದ್ದ ಕಾಲದಲ್ಲಿ. ಹೆಲ್ಮೆಟ್ ಧರಿಸಿ ಅಪಘಾತಕ್ಕೊಳಗಾದವರು ಅವನ ಅನುಭವಕ್ಕೆ ಬಂದದ್ದು ಬರಿಯ 7 ಮಂದಿ, ಮತ್ತು ಆ ಏಳೂ ಮಂದಿ ಬದುಕಿದ್ದರು. ಏಳು ಎಂಬುದು ಸಂಖ್ಯಾಶಾಸ್ತ್ರದವರು ಮೆಚ್ಚುವ ಸಂಖ್ಯೆಯಲ್ಲ. ಆದರೂ ಸೈನ್ಯಕ್ಕೆ ಅಷ್ಟು ಸಾಕಾಯಿತು. 1941ರ ನವೆಂಬರಿನಲ್ಲಿ ಕರ್ತವ್ಯದ ಮೇಲಿರುವ ಸೈನಿಕ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯವಾಯಿತು.

ನಾಗರಿಕ ಬ್ರಿಟನ್ನು ಇದೇ ತೀರ್ಮಾನಕ್ಕೆ ಬರಲು ಇನ್ನೂ 32 ವರ್ಷ ತೆಗೆದುಕೊಂಡಿತು. 1973ರ ಜೂನ್ 1ರಂದು ಕಾನೂನು ಜಾರಿಗೆ ಬಂದಾಗ ಕೇರ್ನ್ಸ್ ತೀರಿಕೊಂಡು ಎರಡು ದಶಕಗಳಾಗಿದ್ದವು. ಆ ಕಾನೂನಿಗೆ ಬಲಿಯಾದವನೆಂದು ಅದರ ವಿರೋಧಿಗಳು ಇಂದಿಗೂ ಸ್ಮರಿಸುವ ಫ್ರೆಡ್ ಹಿಲ್ ಎಂಬ ನಿವೃತ್ತ ಗಣಿತದ ಮೇಷ್ಟ್ರು ಯುದ್ಧಕಾಲದಲ್ಲಿ ತಾನೇ ಸಂದೇಶವಾಹಕ ಸವಾರನಾಗಿದ್ದವನು. ಹೆಲ್ಮೆಟ್ ಧರಿಸೆನೆಂದು, ದಂಡ ಕಟ್ಟೆನೆಂದು ಹಠ ಹಿಡಿದು ಮತ್ತೆ ಮತ್ತೆ ಸೆರೆಮನೆಗೆ ಹೋದ ಆತ 1984ರಲ್ಲಿ, 74ರ ವಯಸ್ಸಿನಲ್ಲಿ, ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆಯಲ್ಲೇ ಹೃದಯಾಘಾತದಿಂದ ಸತ್ತನು. ಅವನ ವಾದ ಸ್ವಾತಂತ್ರ್ಯದ ವಾದ, ಪ್ರಾಮಾಣಿಕವಾದದ್ದು. 'ನನ್ನ ತಲೆ, ನನ್ನ ಇಷ್ಟ' ಎನ್ನುವವನೊಡನೆ ನಾವು ಒಪ್ಪದೆ ಇರಬಹುದು, ಆದರೆ ಅವನು ಅಂಕಿಅಂಶದ ವೇಷ ತೊಡುವುದಿಲ್ಲ.

ಅಂಕಿಅಂಶದ ವೇಷ ತೊಟ್ಟ ವಾದ ಬಂದದ್ದು 1975ರಲ್ಲಿ, ಷಿಕಾಗೋದಿಂದ. ಅಮೆರಿಕ ಸರ್ಕಾರ 1960ರ ದಶಕದಲ್ಲಿ ಕಾರುಗಳಿಗೆ ವಿಧಿಸಿದ ಸುರಕ್ಷಾ ನಿಯಮಗಳಿಂದ ಒಟ್ಟು ಸಾವು ತಗ್ಗಿಲ್ಲವೆಂದೂ, ಕಾರಿನೊಳಗಿನವರ ಜೀವ ಉಳಿದರೂ ಚಾಲಕರು ಧೈರ್ಯಗೊಂಡು ಪಾದಚಾರಿಗಳ ಜೀವ ತೆಗೆದರೆಂದೂ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಜ್‌ಮನ್ ವಾದಿಸಿದನು. ಆ ಪ್ರಬಂಧ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಅದರ ಲೆಕ್ಕದ ವಿಧಾನವನ್ನು ಬಹು ಮಂದಿ ಪ್ರಶ್ನಿಸಿದರು. ಆ ನಿಯಮಗಳಿಗೆ ಒಳಪಡದ ಮೋಟಾರ್‌ಸೈಕಲ್ಲುಗಳಂತಹ ವಾಹನಗಳ ಸಾವುಗಳೂ ಲೆಕ್ಕದಲ್ಲಿ ಬೆರೆತಿವೆ ಎಂಬುದು ಅವುಗಳಲ್ಲೊಂದು ಆಕ್ಷೇಪ.

ವಿಚಿತ್ರವೆಂದರೆ, ಇದೇ ಹೊತ್ತಿಗೆ ಅದೇ ದೇಶ ತನಗೆ ಅರಿವಿಲ್ಲದೆಯೇ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿತು. 1966ರ ಹೆದ್ದಾರಿ ಸುರಕ್ಷಾ ಕಾಯ್ದೆಯ ಮೂಲಕ ಕೇಂದ್ರವು ರಾಜ್ಯಗಳ ಹೆದ್ದಾರಿ ಹಣವನ್ನು ಹೆಲ್ಮೆಟ್ ಕಾನೂನಿಗೆ ಗಂಟುಹಾಕಿದ್ದರಿಂದ 1975ರ ವೇಳೆಗೆ 47 ರಾಜ್ಯಗಳಲ್ಲಿ ಆ ಕಾನೂನು ಇತ್ತು. 1976ರಲ್ಲಿ ಕಾಂಗ್ರೆಸ್ಸು ಆ ಗಂಟನ್ನು ಬಿಚ್ಚಿತು. ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ರಾಜ್ಯಗಳು ಕಾನೂನನ್ನು ರದ್ದುಪಡಿಸಿದವು ಅಥವಾ ಸಡಿಲಗೊಳಿಸಿದವು. ಹೆಲ್ಮೆಟ್ಟೇ ಸವಾರನ ಎಚ್ಚರವನ್ನು ಕದಿಯುತ್ತದೆ ಎಂಬುದು ನಿಜವಾಗಿದ್ದರೆ, ಹೆಲ್ಮೆಟ್ ತೆಗೆದ ಮೇಲೆ ಎಚ್ಚರ ಮರಳಿ ಬರಬೇಕಿತ್ತು. ಬರಿದಲೆಯ ಸವಾರ ಮೆಲ್ಲಗೆ ಹೋಗಬೇಕಿತ್ತು, ಸಾವು ಇದ್ದಲ್ಲೇ ಇರಬೇಕಿತ್ತು. 1975ರಿಂದ 1978ರವರೆಗಿನ ಲೆಕ್ಕ ತೆಗೆದ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಕಾನೂನು ತೆಗೆದ ರಾಜ್ಯಗಳಲ್ಲಿ ಸವಾರರ ಸಾವು ಸರಾಸರಿ ಶೇಕಡಾ 38ರಷ್ಟು ಏರಿತ್ತು. ಮುಂದೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಹೊರಬಂದ ಕಾಕ್ರೇನ್ ಸಮೀಕ್ಷೆ, ಅಪಘಾತವಾದಾಗ ಹೆಲ್ಮೆಟ್ಟು ಸಾವಿನ ಸಂಭವವನ್ನು ಸುಮಾರು ಶೇಕಡಾ 42ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ ಎಂದು ಕಂಡುಕೊಂಡಿತು.

ಹಾಗಾದರೆ ಶಂಕೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್ 1982ರಲ್ಲಿ ಅದಕ್ಕೊಂದು ಸಿದ್ಧಾಂತದ ರೂಪ ಕೊಟ್ಟನು. ಪ್ರತಿಯೊಬ್ಬ ಮನುಷ್ಯನೂ ತನಗೆ ಒಪ್ಪುವ ಅಪಾಯದ ಒಂದು ಮಟ್ಟವನ್ನು ಒಳಗೇ ಇಟ್ಟುಕೊಂಡಿರುತ್ತಾನೆ. ಕೋಣೆಯ ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಯಂತ್ರದಂತೆ, ಹೊರಗಿನ ಅಪಾಯ ತಗ್ಗಿದರೆ ತಾನೇ ಅಷ್ಟನ್ನು ಸೇರಿಸಿಕೊಳ್ಳುತ್ತಾನೆ. ಅವನ ಕೈಗೆ ಸಿಕ್ಕ ಅತ್ಯುತ್ತಮ ಸಾಕ್ಷ್ಯ 1980ರ ದಶಕದ ಮ್ಯೂನಿಕ್ಕಿನ ಟ್ಯಾಕ್ಸಿಗಳು. ಒಂದೇ ಕಂಪನಿಯ ಕೆಲವು ಟ್ಯಾಕ್ಸಿಗಳಿಗೆ ಎಬಿಎಸ್ ಇತ್ತು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ ಇದು. ಉಳಿದವಕ್ಕೆ ಇರಲಿಲ್ಲ. ಅಪಘಾತಗಳ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎಬಿಎಸ್ ಇದ್ದವರು ತಿರುವುಗಳನ್ನು ಹೆಚ್ಚು ಬಿರುಸಾಗಿ ತೆಗೆದುಕೊಳ್ಳುತ್ತಿದ್ದರು, ಮುಂದಿನ ವಾಹನಕ್ಕೆ ಹತ್ತಿರವಾಗಿ ಓಡಿಸುತ್ತಿದ್ದರು. ನಮ್ಮ ಶಂಕಾವಾದಿಗಳ ಮಾತು ಇಲ್ಲಿ ಅಕ್ಷರಶಃ ನಿಜವಾಗಿತ್ತು. ಆದರೆ ಆ ಕಥೆಯ ಬಾಲವನ್ನು ಹೇಳುವವರು ಕಡಿಮೆ, ಅದನ್ನು ವೈಲ್ಡ್ ತಾನೇ ದಾಖಲಿಸಿದ್ದರೂ ಸಹ. ಮುಂದೆ ಕಂಪನಿಯು ರಿಪೇರಿಯ ಖರ್ಚಿನಲ್ಲಿ ಒಂದು ಪಾಲನ್ನು ಚಾಲಕರೇ ಭರಿಸಬೇಕೆಂದು ವಿಧಿಸಿದಾಗ ಅಪಘಾತಗಳು ಗಣನೀಯವಾಗಿ ಇಳಿದವು. ಬ್ರೇಕ್ ಅದೇ, ಚಾಲಕರೂ ಅವರೇ. ಬದಲಾದದ್ದು ಅವಸರದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬ ಲೆಕ್ಕ.

ನಮಗೆ ತೋರುವಂತೆ, ಹೆಲ್ಮೆಟ್ಟಿಗೂ ಟ್ಯಾಕ್ಸಿಯ ಬ್ರೇಕಿಗೂ ಒಂದು ಮೂಲಭೂತ ಭೇದವಿದೆ. ಡೇವಿಯ ದೀಪವನ್ನು ಗಣಿಗಾರ ಪ್ರತಿ ನಿಮಿಷ ಬಳಸುತ್ತಾನೆ. ಬ್ರೇಕನ್ನು ಚಾಲಕ ದಿನಕ್ಕೆ ನೂರು ಬಾರಿ ಒತ್ತುತ್ತಾನೆ. ಇವು ಮೊದಲು ಮಾಡಲಾಗದ್ದನ್ನು ಮಾಡಗೊಡುವ ಸಾಧನಗಳು. ಅವುಗಳ ಬಲ ಕೈಗೆ, ಕಾಲಿಗೆ ತಿಳಿಯುತ್ತದೆ, ಅದನ್ನು ಬಳಸಿಕೊಳ್ಳುವ ಆಸೆಯೂ ಹುಟ್ಟುತ್ತದೆ. ಹೆಲ್ಮೆಟ್ಟು ಬೀಳುವವರೆಗೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದು ಸವಾರನಿಗೆ ಪ್ರತಿದಿನ ತಿಳಿಸುವುದು ತನ್ನ ಭಾರವನ್ನು, ಸೆಕೆಯನ್ನು, ಬೆವರನ್ನು. ಚೆನ್ನೈಯ ಮೇ ತಿಂಗಳ ಮಧ್ಯಾಹ್ನ ಅದನ್ನು ತೊಟ್ಟವನಿಗೆ ವೀರಾವೇಶ ಬರುತ್ತದೆಂದು ನಂಬುವುದು ಕಷ್ಟ.

ಎರಡನೆಯ ಭೇದ ಇನ್ನೂ ಮುಖ್ಯವಾದದ್ದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟರು. ಸುಮಾರು ಮುಕ್ಕಾಲು ಭಾಗ ಅಪಘಾತಗಳಲ್ಲಿ ಡಿಕ್ಕಿ ಇನ್ನೊಂದು ವಾಹನದೊಡನೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು, ಕಾರಿನವನು ಸವಾರನ ದಾರಿಗೆ ಅಡ್ಡಬಂದದ್ದು. ಅಪಾಯ ಕಂಡ ಕ್ಷಣದಿಂದ ಡಿಕ್ಕಿಯವರೆಗೆ ಸವಾರನಿಗೆ ಸಿಕ್ಕ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಅಪಘಾತಕ್ಕೆ ಮುಂಚಿನ ಮಧ್ಯಮ ವೇಗ ಗಂಟೆಗೆ 48 ಕಿಲೋಮೀಟರಿನಷ್ಟು ಮಾತ್ರ. ಹೆಲ್ಮೆಟ್ಟಿನಿಂದ ಕಿವಿ ಮಂದವಾಗುವುದಾಗಲಿ ಕಣ್ಣಿನ ನೋಟ ಕುಗ್ಗುವುದಾಗಲಿ ಅವರಿಗೆ ಕಾಣಲಿಲ್ಲ. ಪುಣೆಯ ಹಾರ್ನಿನ ವಾದಕ್ಕೆ ಉತ್ತರ ನಾಲ್ಕು ದಶಕಗಳ ಹಿಂದೆಯೇ ಬರೆದಿಟ್ಟಿತ್ತೆನ್ನಬಹುದು. ಅದೇ ವರದಿಯ ಇನ್ನೊಂದು ಮಾತು: ಆ ಎರಡು ಸೆಕೆಂಡುಗಳಲ್ಲಿ ಬಹಳ ಮಂದಿ ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಜಾರಿದರು, ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿಯಲಿಲ್ಲ.

ಮೋಟಾರ್‌ಸೈಕಲ್ಲಿನ ಎಬಿಎಸ್ ಮ್ಯೂನಿಕ್ಕಿನ ಟ್ಯಾಕ್ಸಿಯ ಹಾದಿ ಹಿಡಿಯಲಿಲ್ಲವೇಕೆ ಎಂಬುದಕ್ಕೆ ಕಾರಣ ಇಲ್ಲಿದೆ. ಕಾರಿನ ಚಕ್ರ ಸಿಕ್ಕಿಕೊಂಡರೆ ಕಾರು ಜಾರುತ್ತದೆ. ಮೋಟಾರ್‌ಸೈಕಲ್ಲಿನ ಮುಂದಿನ ಚಕ್ರ ಸಿಕ್ಕಿಕೊಂಡರೆ ಸವಾರ ನೆಲಕ್ಕೆ ಬೀಳುತ್ತಾನೆ. ಆ ಭಯದಿಂದಲೇ ಅವನು ಮುಂದಿನ ಬ್ರೇಕನ್ನು ಹಿಡಿಯಲು ಹಿಂಜರಿಯುತ್ತಾನೆ. ಬಿಎಂಡಬ್ಲ್ಯು 1988ರಲ್ಲಿ ತನ್ನ ಕೆ100 ಮಾದರಿಗೆ ಇಲೆಕ್ಟ್ರಾನಿಕ್ ಎಬಿಎಸ್ ಅಳವಡಿಸಿದ ನಂತರ ಈ ವ್ಯವಸ್ಥೆ ಮೆಲ್ಲಗೆ ಹರಡಿತು. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷಾ ಸಂಸ್ಥೆ ನಡೆಸಿದ ಅಧ್ಯಯನಗಳಲ್ಲಿ, ಎಬಿಎಸ್ ಇರುವ ಮಾದರಿಗಳ ಮಾರಕ ಅಪಘಾತಗಳ ಪ್ರಮಾಣ, ಅದಿಲ್ಲದ ಅವೇ ಮಾದರಿಗಳಿಗಿಂತ ಒಂದರಲ್ಲಿ ಶೇಕಡಾ 37, ಇನ್ನೊಂದರಲ್ಲಿ 31, ಮತ್ತೊಂದರಲ್ಲಿ 22ರಷ್ಟು ಕಡಿಮೆ. ಹೆಚ್ಚು ಹಣ ಕೊಟ್ಟು ಎಬಿಎಸ್ ಕೊಳ್ಳುವವನು ಮೊದಲೇ ಎಚ್ಚರಿಕೆಯವನಿದ್ದಾನು ಎಂಬ ಅನುಮಾನಕ್ಕೆ ಎಡೆಯುಂಟು. ಹಾಗಿದ್ದರೂ, ಸುರಕ್ಷತೆ ಕೊಂಡವನು ಅದನ್ನು ಪೂರ್ತಿ ವೇಗಕ್ಕೆ ಖರ್ಚು ಮಾಡಿಬಿಟ್ಟನೆಂದು ಈ ಅಂಕಿಗಳಿಂದ ಹೇಳಲಾಗದು.

ಇನ್ನು ನಮ್ಮ ದೇಶ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯಂತೆ ಆ ವರ್ಷ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಧರಿಸದೆ ಸತ್ತವರು 50,029, ಅವರ ಪೈಕಿ ಹಿಂಬದಿ ಸವಾರರು 14,337. ಈ ಕೊನೆಯ ಅಂಕಿಯ ಎದುರಿಗೆ ನಮ್ಮ ಶಂಕಾವಾದ ಒಮ್ಮೆ ನಿಂತು ನೋಡಬೇಕು. ಹಿಂದೆ ಕುಳಿತವಳ ಕೈಯಲ್ಲಿ ಬ್ರೇಕಿಲ್ಲ, ಆಕ್ಸಿಲರೇಟರಿಲ್ಲ. ಒಂದು ಕೈಯಲ್ಲಿ ಮಗುವನ್ನೋ ತರಕಾರಿಯ ಚೀಲವನ್ನೋ ಹಿಡಿದು ಕುಳಿತ ಆಕೆಗೆ ಹೆಲ್ಮೆಟ್ ಕೊಟ್ಟರೆ ಆಕೆ ಯಾವ ಅಜಾಗರೂಕತೆಯನ್ನು ತೋರಬಲ್ಲಳು? ದೆಹಲಿಯಲ್ಲಿ 2014ರವರೆಗೆ ಹೆಂಗಸರಿಗೆ ಹೆಲ್ಮೆಟ್ಟಿನಿಂದ ವಿನಾಯಿತಿಯೇ ಇತ್ತು. ಆ ವರ್ಷ ನಿಯಮ ತಿದ್ದಿದ ಮೇಲೆ ವಿನಾಯಿತಿ ಸಿಖ್ ಹೆಂಗಸರಿಗಷ್ಟೇ ಉಳಿಯಿತು. ತಮಿಳುನಾಡಿನಲ್ಲಿ ಹಿಂಬದಿ ಸವಾರರ ತಲೆಗೂ ಹೆಲ್ಮೆಟ್ ಬರಬೇಕಾದರೆ ಮದರಾಸು ಹೈಕೋರ್ಟು 2015ರಲ್ಲಿ ಆಜ್ಞಾಪಿಸಬೇಕಾಯಿತು. ಕರ್ನಾಟಕ ಆ ನಿಯಮವನ್ನು 2016ರ ಜನವರಿಯಲ್ಲಿ ತಂದಿತು. ಸವಾರನ ಮನಸ್ಸನ್ನು ಕುರಿತ ಸೂಕ್ಷ್ಮ ಚರ್ಚೆಯಲ್ಲಿ ನಾವು ಮಗ್ನರಾಗಿದ್ದಾಗ ಹಿಂದೆ ಕುಳಿತವರು ಲೆಕ್ಕಕ್ಕೇ ಬಂದಿರಲಿಲ್ಲ.

ಬ್ರೇಕಿನ ವಿಷಯದಲ್ಲೂ ಹೀಗೆಯೇ. 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ದೊಡ್ಡ ಎಲ್ಲ ದ್ವಿಚಕ್ರಗಳಿಗೆ ಎಬಿಎಸ್ ಕಡ್ಡಾಯವಾಯಿತು; ಅಲ್ಲಿಯವರೆಗಿನ ಸಣ್ಣ ವಾಹನಗಳಿಗೆ, ಒಂದು ಬ್ರೇಕ್ ಒತ್ತಿದರೆ ಎರಡು ಚಕ್ರಕ್ಕೂ ಹಂಚಿಕೆಯಾಗುವ ಅಗ್ಗದ ವ್ಯವಸ್ಥೆ ಸಾಕೆಂದಾಯಿತು. ಮುಂಬಯಿಯಲ್ಲಿ, ಹೈದರಾಬಾದಿನಲ್ಲಿ, ನಾವಿರುವ ಊರುಗಳಲ್ಲೆಲ್ಲ ಊಟ, ಔಷಧ, ಹಾಲು ಹೊತ್ತು ಗೇಟಿನ ಮುಂದೆ ನಿಲ್ಲುವ ಹುಡುಗರಲ್ಲಿ ಹೆಚ್ಚಿನವರು ಏರಿರುವುದು ಆ ಸಣ್ಣ ವಾಹನಗಳನ್ನೇ. ಅವರು ನುಗ್ಗುವುದನ್ನು ನಾವು ಕಾಣುತ್ತೇವೆ, ಬಯ್ಯುತ್ತೇವೆ, ಹತ್ತು ನಿಮಿಷ ತಡವಾದರೆ ಫೋನನ್ನೂ ಮಾಡುತ್ತೇವೆ. ಮ್ಯೂನಿಕ್ಕಿನ ಚಾಲಕನಿಗೆ ಅವಸರದ ಲಾಭ ಸಿಗುತ್ತಿತ್ತು, ನಷ್ಟ ಕಂಪನಿಯದಾಗಿತ್ತು. ಈ ಹುಡುಗನ ಪಾಲಿಗೆ ಲೆಕ್ಕ ತಿರುಗುಮುರುಗಾಗಿ ಫೆಲಿಂಗಿನ ಗಣಿಗಾರನದನ್ನು ಹೋಲುತ್ತದೆ. 2022ರ ಅದೇ ಸಚಿವಾಲಯದ ವರದಿ ಶೇಕಡಾ 71ರಷ್ಟು ಸಾವುಗಳನ್ನು 'ಅತಿವೇಗ' ಎಂಬ ಕಾರಣದ ಎದುರಿಗೆ ನಮೂದಿಸಿದೆ. ಸತ್ತ ಸವಾರ ಆ ಹೊತ್ತಿನಲ್ಲಿ ಯಾರ ಕೆಲಸದ ಮೇಲೆ ಹೊರಟಿದ್ದ, ಎಷ್ಟು ನಿಮಿಷಗಳ ಗಡುವಿನಲ್ಲಿದ್ದ ಎಂಬುದಕ್ಕೆ ಅದರಲ್ಲಿ ಅಂಕಣವಿಲ್ಲ.